ನಡುಮಗನ ಟೀಮು

ವರ್ಗಾವಣೆಯ ಆರ್ಡರ್ ಹಿಡಿದು ನಾನು ಕೋಲ್ಕತ್ತದ ಬ್ಯಾಂಕ್ ಬ್ರಾಂಚಿಗೆ ಹೋದಾಗ, ಅಲ್ಲಿ ಎಲ್ಲರೂ ಸಹೋದ್ಯೋಗಿಯೊಬ್ಬರನ್ನು ‘ಮೇಜ್ದಾ’ ಎಂದು ಕರೆಯುತ್ತಿದ್ದರು. ಬ್ರಾಂಚಿನ ಅತಿ ದೊಡ್ಡ ಮೇಜು ಅವರದ್ದೇ ಆಗಿದ್ದರಿಂದ ಹೆಸರು ಅದರಿಂದಲೇ ಬಂದಿರಬೇಕು ಎಂದುಕೊಂಡೆ. ಬಂಗಾಳಿಯಲ್ಲಿ ಮೇಜ್ದಾ ಎಂದರೆ ನಡುವಿನಣ್ಣ ಅಂತ ಗೊತ್ತಾದದ್ದು ತಿಂಗಳ ನಂತರ. ಮೇಲೊಬ್ಬ ಅಣ್ಣ, ಕೆಳಗೊಬ್ಬ ತಮ್ಮ, ನಡುವೆ ಇವರು. ಇವರ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ.

ಮನೆ ಬಾಗ್‌ಬಜಾರಿನ ಓಣಿಯೊಂದರಲ್ಲಿ. ತಲೆಮಾರುಗಳಿಂದ ಮೋಹನ್ ಬಗಾನ್ ಫುಟ್‌ಬಾಲ್ ಕ್ಲಬ್ಬಿನ ಒಕ್ಕಲು. ದೇವರ ಕೋಣೆಯ ಬಾಗಿಲ ಮೇಲೆ, ರಾಮಕೃಷ್ಣರ ಪಕ್ಕದಲ್ಲೇ, 1911ರ ತಂಡದ ಫೋಟೋ. ಗೋರರ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಮಣಿಸಿ ಐಎಫ್‌ಎ ಶೀಲ್ಡ್ ಗೆದ್ದ ಹನ್ನೊಂದು ಜನ. ಅವರಲ್ಲಿ ಹತ್ತು ಮಂದಿ ಬರಿಗಾಲಲ್ಲೇ ಆಡಿದ್ದರು. ಇವರ ಮುತ್ತಜ್ಜ ಆ ದಿನ ಮೈದಾನದಲ್ಲಿದ್ದರಂತೆ. ಬಾಗ್‌ಬಜಾರಿನಲ್ಲಿ ನನಗೆ ಪರಿಚಯವಾದ ಅಷ್ಟೂ ಮನೆಯ ಮುತ್ತಜ್ಜಂದಿರು ಅಲ್ಲಿದ್ದರು, ಆ ಮಾತು ಬೇರೆ.

ಇಂಥ ಮನೆಯಲ್ಲಿ ಹುಟ್ಟಿದ ಮೇಜ್ದಾ ಈಸ್ಟ್ ಬೆಂಗಾಲ್ ಪಾರ್ಟಿ. ಈಸ್ಟ್ ಬೆಂಗಾಲ್ ಎಂದರೆ ಪದ್ಮಾ ನದಿಯ ಆಚೆಯಿಂದ ಬಂದವರ, ‘ಬಾಂಗಾಲ್’ಗಳ ಕ್ಲಬ್ಬು. ಇವರ ಮನೆಯಲ್ಲಿ ಪದ್ಮಾ ನದಿಯನ್ನು ಕಣ್ಣಲ್ಲಿ ಕಂಡವರೇ ಇಲ್ಲ.

ಪಕ್ಷಾಂತರ ನಡೆದದ್ದು 1997ರ ಜುಲೈ 13ರಂದು, ಸಾಲ್ಟ್ ಲೇಕ್ ಮೈದಾನದಲ್ಲಿ. ಫೆಡರೇಷನ್ ಕಪ್ ಸೆಮಿಫೈನಲ್, 1,31,000 ಜನ. ಮೋಹನ್ ಬಗಾನ್ ಕೋಚ್ ಅಮಲ್ ದತ್ತ ಎದುರಾಳಿಗಳಲ್ಲಿ ಸೋಸೋನನ್ನು ಸೌತೆಕಾಯಿ, ಒಮೊಲೊನನ್ನು ಆಮ್ಲೆಟ್ ಎಂದು ಮೊದಲೇ ಹೀಯಾಳಿಸಿಟ್ಟಿದ್ದರು. ಮೇಜ್ದಾಗೆ ಆಗ ಹನ್ನೊಂದು ವರ್ಷ. ಅಪ್ಪ ಝಾಲ್‌ಮುರಿ ತಂದರು. ನಮ್ಮ ಮಂಗಳೂರಿನ ಚರುಮುರಿಗೆ ದೂರದ ನೆಂಟ ಅದು. ಪೊಟ್ಟಣ ದೊಡ್ಡವನಿಗೊಂದು, ಚಿಕ್ಕವನಿಗೊಂದು. ನಡುವಿನವನಿಗೆ ಮರೆತೇ ಹೋಯಿತು. ಬೈಚುಂಗ್ ಭುಟಿಯಾ ಮೂರನೆಯ ಗೋಲು ಹೊಡೆದಾಗ ಮೋಹನ್ ಬಗಾನ್ ಗ್ಯಾಲರಿಯ ನಟ್ಟನಡುವೆ ಒಬ್ಬನೇ ಹುಡುಗ ಎದ್ದು ನಿಂತು ಚಪ್ಪಾಳೆ ತಟ್ಟಿದ. ಈಸ್ಟ್ ಬೆಂಗಾಲ್ 4-1. ಅಪ್ಪ ಮನೆತನಕ ಮಾತಾಡಲಿಲ್ಲ.

“ಒಂದು ಪೊಟ್ಟಣ ಝಾಲ್‌ಮುರಿಗೆ ಹೋಯ್ತಲ್ಲ ಮೇಜ್ದಾ ಜೀವನ” ಎಂದೆ ಒಮ್ಮೆ. “ಅದರಲ್ಲಿ ಸಾಸಿವೆ ಎಣ್ಣೆಯೂ ಸರಿ ಇರಲಿಲ್ಲವಂತೆ. ತಮ್ಮ ಹೇಳಿದ” ಎಂದರು.

ಮೊದಮೊದಲು ವ್ಯಾಪಾರ ಲಾಭದ್ದೇ ಎನಿಸಿತ್ತು. 2003ರಲ್ಲಿ ಜಕಾರ್ತಾದಲ್ಲಿ ಆಸಿಯಾನ್ ಕಪ್, ಮರುವರ್ಷ ನ್ಯಾಷನಲ್ ಲೀಗ್. ಬಾಂಗಾಲ್ ಮನೆತನದ ಹುಡುಗಿಯನ್ನೇ ಹುಡುಕಿ ಮದುವೆಯೂ ಆದರು, ಮನೆಯಲ್ಲಿ ಇನ್ನೊಂದು ವೋಟು ಸಿಗಲಿ ಎಂದು. ಬೌದಿ, ಅಂದರೆ ಅತ್ತಿಗೆ, ಆರು ತಿಂಗಳಲ್ಲಿ ಅತ್ತೆಯ ಕಡೆ ಸೇರಿಕೊಂಡರು. ಆಮೇಲೆ ಲೀಗೂ ಬರಲಿಲ್ಲ. 2020ರಲ್ಲಿ ಟೀಮು ಇಂಡಿಯನ್ ಸೂಪರ್ ಲೀಗ್‌ಗೆ, ಅಂದರೆ ಐಎಸ್‌ಎಲ್‌ಗೆ, ಬಂದ ಮೇಲಂತೂ ಕೇಳುವುದೇ ಬೇಡ. ಎರಡನೆಯ ಸೀಸನ್‌ನಲ್ಲಿ 20 ಪಂದ್ಯಕ್ಕೆ ಒಂದೇ ಗೆಲುವು. 11 ತಂಡಗಳಲ್ಲಿ ಹನ್ನೊಂದನೆಯ ಸ್ಥಾನ. ಮುಂದಿನ ಮೂರು ವರ್ಷ ಒಂಬತ್ತು, ಒಂಬತ್ತು, ಒಂಬತ್ತು. “ಇಷ್ಟು ಸ್ಥಿರವಾದ ಟೀಮು ಇನ್ನೊಂದು ತೋರಿಸು” ಎನ್ನುತ್ತಿದ್ದರು.

ಗೆದ್ದಾಗ ‘ನಾವು’, ಸೋತಾಗ ‘ಅವರು’ ಎನ್ನುವುದು ಲೋಕರೂಢಿ. ಮೇಜ್ದಾ ಸೋತಾಗಲೇ ‘ನಾವು’. ಗೆದ್ದರೆ ನಂಬಿಕೆ ಸಾಲದೆ ‘ಅವರು ಹೇಗೋ ಗೆದ್ದುಬಿಟ್ಟರು’ ಎಂದು ದೂರ ನಿಲ್ಲುವರು. 2023ರ ಆಗಸ್ಟ್ 12ರಂದು ಡ್ಯುರಾಂಡ್ ಕಪ್‌ನಲ್ಲಿ ನಂದಕುಮಾರ್ ಗೋಲಿನಿಂದ ಮೋಹನ್ ಬಗಾನನ್ನು ಸೋಲಿಸಿದಾಗ ನಾನು ಕೈಕುಲುಕಲು ಹೋದರೆ, “ತಾಳು, ಫೈನಲ್ ಇದೆ” ಎಂದರು. 22 ದಿನದ ಮೇಲೆ ಫೈನಲ್‌ನಲ್ಲಿ ಅದೇ ಮೋಹನ್ ಬಗಾನ್ ಹತ್ತೇ ಜನರಲ್ಲಿ ಆಡಿ 1-0ಯಿಂದ ಗೆದ್ದಿತು. ಆ ವಾರ ಮೇಜ್ದಾ ಎಷ್ಟು ನಿರಾಳವಾಗಿದ್ದರೆಂದರೆ, ಬಾಕಿ ಬಿದ್ದಿದ್ದ ಸಾಲದ ಫೈಲುಗಳೆಲ್ಲ ಮುಗಿದವು.

2024ರ ಐಎಸ್‌ಎಲ್ ಸೀಸನ್ ಶುರುವಾದದ್ದು ಸಾಲಾಗಿ ಆರು ಸೋಲಿನಿಂದ. ಏಳನೆಯದು ಮೊಹಮ್ಮಡನ್ ಎದುರು. ಅರ್ಧ ಗಂಟೆಯೊಳಗೆ ಇಬ್ಬರಿಗೆ ಕೆಂಪು ಕಾರ್ಡು. ಒಂಬತ್ತು ಜನ ಹೆಣಗಾಡಿ 0-0 ಮಾಡಿಕೊಂಡರು. ಸೋಮವಾರ ಬ್ರಾಂಚಿಗೆಲ್ಲ ಸಂದೇಶ್ ಮಿಠಾಯಿ ಹಂಚಿಕೆ. ಮ್ಯಾನೇಜರು “ಗೆದ್ದಿರಾ?” ಎಂದರು. ಮೇಜ್ದಾ ಕಣ್ಣರಳಿಸಿ, “ಸೋಲಲಿಲ್ಲ ಸಾರ್!”

ನನ್ನ ಮೇಲೆ ಅವರಿಗೆ ವಿಶೇಷ ಪ್ರೀತಿ. ಕಾರಣ ನಾನಲ್ಲ, ಅಹಮದ್ ಖಾನ್. 1949ರ ಹೊತ್ತಿಗೆ ಈಸ್ಟ್ ಬೆಂಗಾಲ್ ಕಟ್ಟಿದ ‘ಪಂಚಪಾಂಡವ’ ಫಾರ್ವರ್ಡ್ ಸಾಲಿನಲ್ಲಿದ್ದ ಬೆಂಗಳೂರಿನವರು. “ನಮ್ಮ ಕ್ಲಬ್ಬಿಗೆ ಅಡಿಪಾಯ ಹಾಕಿದ್ದೇ ನಿಮ್ಮವರು” ಎಂದು ಮೊದಲ ದಿನವೇ ಕೈ ಹಿಡಿದುಕೊಂಡಿದ್ದರು. ಅಹಮದ್ ಖಾನ್ ಯಾರೆಂದು ಗೊತ್ತಿಲ್ಲ ಎಂದೆ. ಅದನ್ನವರು ಮೂರು ವರ್ಷವಾದರೂ ಪೂರ್ತಿ ಕ್ಷಮಿಸಲಿಲ್ಲ.

ಇನ್ನು ಮೀನಿನ ವಿಷಯ. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು, ಮೋಹನ್ ಬಗಾನ್ ಗೆದ್ದರೆ ಚಿಂಗ್ರಿ, ಅಂದರೆ ಸಿಗಡಿ: ಇದು ಕೋಲ್ಕತ್ತದ ಶಾಸನ. ಇವರ ಮನೆಯಲ್ಲಿ ಮಾತ್ರ ತಿದ್ದುಪಡಿಯಾಗಿತ್ತು. ಗೆದ್ದ ದಿನಕ್ಕೆ ಕಾದರೆ ಮಗ ಇಲಿಶ್ ಕಾಣದೆ ಸಾಯುತ್ತಾನೆಂದು ಅಮ್ಮ, ಡರ್ಬಿ ಸೋತ ರಾತ್ರಿ ಮನೆಮಂದಿಗೆಲ್ಲ ಚಿಂಗ್ರಿ ಬಡಿಸಿ, ಮೇಜ್ದಾಗೆ ಬೇರೆ ತಟ್ಟೆಯಲ್ಲಿ ಸಾಸಿವೆ ಅರೆದ ಇಲಿಶ್ ಇಡುತ್ತಿದ್ದರು. ಸಮಾಧಾನದ ಬಹುಮಾನ. ಐಎಸ್‌ಎಲ್ ಬಂದ ಮೇಲೆ ಮೇಜ್ದಾರ ತೂಕ ಆರು ಕಿಲೋ ಏರಿತ್ತು.

2025ರ ಏಪ್ರಿಲ್ 12. ಐಎಸ್‌ಎಲ್ ಫೈನಲ್, ಮೋಹನ್ ಬಗಾನ್ ಎದುರು ನಮ್ಮ ಬೆಂಗಳೂರು. ಮೇಜ್ದಾ ಧರ್ಮತಲಾದಿಂದ ಎರಡು ನೀಲಿ ಜೆರ್ಸಿ ತಂದು, “ಇವತ್ತು ನೀನೂ ನಾನೂ ಒಂದೇ ಪಾರ್ಟಿ” ಎಂದು ಮನೆಗೆ ಎಳೆದೊಯ್ದರು. ಟೀವಿ ಮುಂದೆ ಹಸಿರು-ಮರೂನ್ ಶಾಲು ಹೊದ್ದ ಮೇಶೋಮೊಶಾಯ್, ಅಂದರೆ ಅವರ ಅಪ್ಪ. ವಿರಾಮದ ನಂತರ ಮೋಹನ್ ಬಗಾನ್ ಆಟಗಾರನ ಕಾಲಿಗೇ ತಗಲಿ ಚೆಂಡು ಅವರದ್ದೇ ಗೋಲಿಗೆ ಹೋಯಿತು. ಮುದುಕರು ಮಗನ ಕಡೆ ತಿರುಗಿ, “ಒಂದೊಂದು ಮನೆಯಲ್ಲಿ ಇಂಥವರು ಹುಟ್ಟುತ್ತಾರೆ” ಎಂದರು. ಮೇಜ್ದಾ ಮಾತ್ರ ಬೆವರತೊಡಗಿದ್ದರು. “ಮುಂದಿದ್ದೇವೆ ಭಾಯ್, ಇದು ಒಳ್ಳೆಯ ಲಕ್ಷಣ ಅಲ್ಲ.” ಅಲ್ಲವೇ ಅಲ್ಲ. ಪೆನಾಲ್ಟಿಯಲ್ಲಿ ಸಮ, ಹೆಚ್ಚುವರಿ ಅವಧಿಯಲ್ಲಿ ಮೆಕ್ಲಾರೆನ್ ಗೋಲು, 2-1. ನನ್ನ ಟೀಮಿಗೂ ಕೈ ಹಚ್ಚಿ ಮುಗಿಸಿದ್ದರು.

ಒಳಗಿಂದ ಚಿಂಗ್ರಿಯ ಘಮ ಬಂತು. ಮಾಸಿಮಾ, ಅಂದರೆ ಅವರ ಅಮ್ಮ, ನಮ್ಮಿಬ್ಬರ ಮುಂದೆ ಎರಡು ತಟ್ಟೆ ಇಟ್ಟರು: ಹಳದಿ ಸಾಸಿವೆ, ಮೇಲೊಂದು ಹಸಿಮೆಣಸು, ದಪ್ಪ ತುಂಡು ಇಲಿಶ್. ಇಲಿಶ್ ಮಳೆಗಾಲದ ಮೀನು.

“ಏಪ್ರಿಲ್‌ನಲ್ಲಿ ಎಲ್ಲಿ ಸಿಕ್ಕಿತು ಮಾಸಿಮಾ?”

“ಹುಡುಕಿಸಿದೆ ಮಗಾ. ಮಂಗಳವಾರವೇ ತರಿಸಿ ಫ್ರಿಜ್ಜಲ್ಲಿಟ್ಟಿದ್ದೆ.”

ಮೇಜ್ದಾ ಮುಳ್ಳು ಬಿಡಿಸುತ್ತ ಕೇಳಿದರು: “ನನಗೋ, ಇವನಿಗೋ?”

“ಎರಡು ತುಂಡು ಹೇಳಿದ್ದೆ” ಎಂದು ಮಾಸಿಮಾ ಒಳಗೆ ಹೋದರು.