ಸ್ಟೇಟಸ್ ಕಾಣದ 31.67

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದು ಫೆಬ್ರವರಿಯ ಗೇಟ್ ಪರೀಕ್ಷೆ ಹತ್ತಿರವಾಗುವ ಹೊತ್ತಿಗೆ ವಿಜಯಪುರದ ರೀಡಿಂಗ್ ರೂಮುಗಳಲ್ಲಿ ಕುರ್ಚಿ ಹಿಡಿಯುವುದೇ ಒಂದು ಸ್ಪರ್ಧೆ. ಎಂ.ಟೆಕ್ ಸೀಟು, ಸೀಟಿನ ಜೊತೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್, ದೈವ ಒಲಿದರೆ ಸರ್ಕಾರಿ ಉದ್ದಿಮೆಯಲ್ಲಿ ನೌಕರಿ. ಇಷ್ಟಕ್ಕೂ ಮೂರೇ ತಾಸು, 65 ಪ್ರಶ್ನೆ, 100 ಅಂಕ. ಬೆಂಗಳೂರಿನ ಐಐಎಸ್‌ಸಿ ಮತ್ತು ಏಳು ಐಐಟಿಗಳು ಸರದಿಯ ಮೇಲೆ ನಡೆಸುವ ಈ ಪರೀಕ್ಷೆಯಲ್ಲಿ ರ್‍ಯಾಂಕ್ ಬಂದವರ ಸಂದರ್ಶನ ಎಲ್ಲರೂ ಮಾಡುತ್ತಾರೆ. ನಾವು ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಯ ಸಿವಿಲ್ ಎಂಜಿನಿಯರಿಂಗ್ ಹುಡುಗನೊಬ್ಬನ ಲ್ಯಾಪ್‌ಟಾಪಿನ ಮೂಲೆಯಲ್ಲಿ ಬಿದ್ದಿದ್ದ ಒಂದು ಮಾಕ್ ಟೆಸ್ಟ್ ಅಂಕವನ್ನು ಮಾತಿಗೆಳೆದೆವು. ಹುಡುಗ ಚಹಾಕ್ಕೆ ಹೋಗಿದ್ದ.

ನಮಸ್ಕಾರ. ಮೊದಲು ನಿಮ್ಮ ಪರಿಚಯ ಹೇಳಿ.

ನಮಸ್ಕಾರ್ರಿ ಸರ. ಮೂವತ್ತೊಂದು ಪಾಯಿಂಟ್ ಆರು ಏಳು ಅಂತಾರ್ರಿ ನನಗ. ನೂರಕ್ಕ. ಮೊದಲನೇ ಮಾಕ್ ಟೆಸ್ಟಿನಾಗ ಹುಟ್ಟಿದಾಂವ, ಈ ಮನೀಗೆ ಹಿರೇ ಮಗ. ಆದರ ಭಾಳ ದಿನ ಮನ್ಯಾಗ ಯಾರಿಗೂ ನನ್ನ ಸುದ್ದಿ ಗೊತ್ತಿರಲಿಲ್ಲ. ನೀವ ಮೊದಲನೇದವರು ಮಾತಾಡ್ಸಿದ್ದು.

ಈ ಪಾಯಿಂಟ್ ಆರು ಏಳು ಎಲ್ಲಿಂದ ಬಂತು? ಗಣಿತದ ಪೇಪರಿನಲ್ಲಿ ನಮಗೆಲ್ಲ ಪೂರ್ಣಾಂಕವೇ ಬರುತ್ತಿತ್ತು.

ಅದು ಭಾಳ ಮಂದಿ ಕೇಳೋದಿಲ್ರಿ, ಮೂವತ್ತೊಂದು ಅಂದಕೂಡ್ಲೆ ಮಾರಿ ತಿರುವ್ತಾರ. ಹುಡುಗ ಖರೇ ಅಂದ್ರ 38 ಅಂಕದ ಉತ್ತರ ಸರಿ ಬರದಾನ. ಒಂದಂಕದ ಏಳು, ಎರಡಂಕದ ಆರು, ಹಿಂಗ ಆಯ್ಕೆ ಮಾಡೋ ಪ್ರಶ್ನೆ ಹದಿಮೂರು ತಪ್ಪ್ಯಾವ. ಒಂದಂಕದ್ದು ತಪ್ಪಿದ್ರ ಮೂರನೇ ಒಂದು ಪಾಲು, ಎರಡಂಕದ್ದು ತಪ್ಪಿದ್ರ ಮೂರನೇ ಎರಡು ಪಾಲು ಕಡೀತಾರ. ಏಳಕ್ಕ 2.33, ಆರಕ್ಕ 4. ಒಟ್ಟು 6.33 ಹೋತು, ನಾ ಉಳಿದೆ. ನನ್ನ ಬಾಲದಾಗಿನ ಆರು ಏಳು ನೋಡಿದ್ರ ಸಾಕ್ರಿ, ಎಲ್ಲೋ ಮೂರನೇ ಪಾಲಿನ ಕತ್ತರಿ ಬಿದ್ದೈತಿ ಅಂತ ತಿಳೀಬೇಕು.

ಹದಿಮೂರೂ ಅಂದಾಜಿನ ಮೇಲೆ ಒತ್ತಿದ್ದೇ?

ಹಂಗಿದ್ರ ಚಿಂತಿ ಇರಲಿಲ್ರಿ. ನಾಲ್ಕರಾಗ ಕಣ್ಣು ಮುಚ್ಚಿ ಒಂದು ಒತ್ತಿದ್ರ ನಾಲ್ಕ ಸಲಕ್ಕ ಒಂದು ಹತ್ತತೈತಿ, ಮೂರು ತಪ್ಪತಾವ. ಬಂದದ್ದು ಒಂದು, ಹೋದದ್ದು ಮೂರು ಸಲ ಮೂರನೇ ಪಾಲು, ಅಂದ್ರ ಅದೂ ಒಂದು. ಲೆಕ್ಕ ಸೊನ್ನಿ. ನಾಲ್ಕರಾಗ ಒಂದು ಉತ್ತರ ಖಂಡಿತ ಅಲ್ಲ ಅಂತ ಗೊತ್ತಿದ್ರ ಒತ್ತೋದ ಲಾಭ. ನೆಗೆಟಿವ್ ಮಾರ್ಕಿಂಗ್ ಅಂದ್ರ ಭೂತ ಅಂತ ಹೆದರ್ಸಾವ್ರು ಈ ಲೆಕ್ಕ ಹೇಳೋದಿಲ್ಲ. ನಮ್ಮ ಹುಡುಗನ ಹದಿಮೂರೂ ಪೂರಾ ಧೈರ್ಯದ ಮ್ಯಾಲೆ ತಪ್ಪಿದ್ದು. ‘ಯಾವುದು ಸರಿಯಲ್ಲ’ ಅಂತ ಕೇಳಿದ್ರ ಸರಿ ಇದ್ದದ್ದು ಒತ್ತ್ಯಾನ. ಎರಡು ಕಡೆ ಮೀಟರ್ ಕೇಳಿದಾಗ ಮಿಲಿಮೀಟರ್ ಕೊಟ್ಟಾನ. ಪರದೆ ಮ್ಯಾಲಿನ ಕ್ಯಾಲ್ಕ್ಯುಲೇಟರ್ ಡಿಗ್ರಿದಾಗ ಐತೋ ರೇಡಿಯನ್‌ದಾಗ ಐತೋ ಅಂತ ಒಂದ ಸಲನೂ ನೋಡಿಲ್ಲ. ಕಿಸೆದಾಗಿನ ಕ್ಯಾಲ್ಕ್ಯುಲೇಟರ್ ಆ ಪರೀಕ್ಷಾಕ್ಕ ಬಿಡೋದಿಲ್ಲ, ಪರದೆ ಮ್ಯಾಲಿಂದ ಗತಿ. ಅದನ್ನ ರೂಢಿ ಮಾಡ್ಕೊಳ್ಳೋದು ಬಿಟ್ಟು ಮನ್ಯಾಗಿಂದು ಒತ್ತಿ ಒತ್ತಿ ಅದರ ಗುಂಡಿ ಸವಿಸ್ಯಾನ.

ಒಂದು ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬಹುದೇ?

ಹೇಳ್ತೀನ್ರಿ, ಅದು ನೆನಪಾದ್ರ ಈಗೂ ನಗಿ ಬರ್ತೈತಿ. ಇದು ಆ ಹದಿಮೂರರಾಗಿಂದಲ್ಲ, ಅಂಕಿ ಟೈಪ್ ಮಾಡೋ ಪ್ರಶ್ನೆ. ತಪ್ಪಿದ್ರ ಕಡಿಯೋದಿಲ್ಲ, ಬರೋ ಎರಡಂಕ ಬರೋದಿಲ್ಲ, ಅಷ್ಟ. ಒಂದು ಪಂಪು ಸೆಕೆಂಡಿಗೆ 0.05 ಘನ ಮೀಟರ್ ನೀರನ್ನ 40 ಮೀಟರ್ ಮ್ಯಾಲಕ ಎತ್ತತೈತಿ, ದಕ್ಷತೆ ನೂರಕ್ಕ 80, ಪಂಪಿಗೆ ಎಷ್ಟು ಕಿಲೋವ್ಯಾಟ್ ಬೇಕು? ನೀರು ಎತ್ತಾಕ ಬೇಕಾದದ್ದು 19.62. ಅದನ್ನ 0.8ರಿಂದ ಭಾಗಿಸಿದ್ರ 24.53. ನಮ್ಮ ಹುಡುಗ ಗುಣಿಸಿ 15.70 ಅಂತ ಹೊಡದ. ಅಂದ್ರ ಕೊಟ್ಟ ಕರೆಂಟಿಗಿಂತ ಹೆಚ್ಚು ಕೆಲಸ ಮಾಡೋ ಪಂಪು! ಅಂಥಾದ್ದು ಎಲ್ಲರ ಸಿಕ್ಕಿದ್ರ ತುಬಚಿ-ಬಬಲೇಶ್ವರ ಏತ ನೀರಾವರಿ ಮಂದಿ ಬಂದು ಇವನ ಕಾಲಿಗೆ ಬೀಳ್ತಿದ್ರು. ಇವನ ಮನ್ಯಾಗ ರಾತ್ರಿ ತ್ರೀ ಫೇಸ್ ಬಂದಕೂಡ್ಲೆ ಎದ್ದು ಹೋಗಿ ಮೋಟರ್ ಚಾಲೂ ಮಾಡಾಂವ ಇವನ. ಲೋಡ್ ಬಿದ್ರ ಮೋಟರ್ ಹೆಂಗ ಒದರ್ತೈತಿ ಅಂತ ಕಿವಿಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ.

ಆದರೆ ನಾವು ಕೇಳಿದ್ದು 64 ಅಂತ. ಹುಡುಗನ ವಾಟ್ಸಾಪ್ ಸ್ಟೇಟಸ್‌ನಲ್ಲೂ ಅದೇ ಇತ್ತು.

ಅಂವ ನನ್ನ ಸಣ್ಣ ತಮ್ಮರಿ. ನಡಕಿನವ 49. ಮೂರೂ ಮಂದಿ ಒಂದ ಪೇಪರಿನ ಮಕ್ಕಳು.

ಅಂದರೆ ಅದೇ ಮಾಕ್ ಟೆಸ್ಟನ್ನೇ ಮೂರು ಸಲ ಬರೆದ?

ಹೌದ್ರಿ. ಎರಡನೇ ಸಲಕ್ಕ ಪ್ರಶ್ನೆ ನೆನಪಿದ್ವು, ಮೂರನೇ ಸಲಕ್ಕ ಉತ್ತರ ನೆನಪಿದ್ವು. 24.53 ಅಂತ ಪ್ರಶ್ನೆ ಪೂರಾ ಓದೂದ್ರೊಳಗ ಟೈಪ್ ಮಾಡ್ಯಾನ. ಯಾಕ ಭಾಗಿಸಬೇಕು ಅಂತ ಇನ್ನೂ ಕೇಳ್ಕೊಂಡಿಲ್ಲ. ಮ್ಯಾಲ ಈ ಟೆಸ್ಟಿನ ಆ್ಯಪಿನಾಗ ಗಡಿಯಾರ ನಿಲ್ಲಿಸೋ ಗುಂಡಿ ಒಂದೈತಿ. ಅವ್ವ ರೊಟ್ಟಿಗೆ ಕರದ್ರ ನಿಲ್ಸಿದ. ಬಬಲೇಶ್ವರದ ಸ್ವಾದರಮಾವ ಫೋನ್ ಮಾಡಿದ್ರ ನಿಲ್ಸಿದ. ಬಸ್ಸಿನ ಗದ್ದಲ ಅಂತ ನಿಲ್ಸಿದ. ಗೇಟ್ ಪರೀಕ್ಷಾ ಕೇಂದ್ರದಾಗ ಸ್ವಾದರಮಾವ ಬಂದ್ರೂ ಗಡಿಯಾರ ನಿಲ್ಲೋದಿಲ್ರಿ.

ಮನೆಯವರು ಖುಷಿಯಾಗಿರಬೇಕು.

ಸ್ವಾದರಮಾವ ಭಾರೀ ಖುಷಿ. ಮೂವತ್ತೊಂದರಿಂದ ಅರವತ್ನಾಲ್ಕು ಅಂದ್ರ ಹದಿನೈದು ದಿನದಾಗ ಎರಡ ಪಟ್ಟು, ಹಿಂಗ ಹೋದ್ರ ಫೆಬ್ರವರಿಯೊಳಗ ನೂರಾ ಇಪ್ಪತ್ತೆಂಟು ಅಂತ ಲೆಕ್ಕ ಹಾಕಿ ಇಟ್ಟಾರ. ಅವರಿಗೆ ನೂರಕ್ಕ ಅಂತ ಯಾರೂ ಹೇಳಿಲ್ಲ. ನನ್ನ ಹೆಸರು ಅವರಿಗೆ ಹೆಂಗ ಗೊತ್ತಾತು ಅಂತೀರೇನು? 64 ಬಂದ ಮ್ಯಾಲ ಹುಡುಗನ ಹೇಳ್ಯಾನ, ಏರಿದ್ದು ಎಷ್ಟು ಅಂತ ತೋರಸಾಕ. ಬಡವನಿದ್ದಾಗಿನ ಫೋಟೋ ಶ್ರೀಮಂತ ಆದ ಮ್ಯಾಲ ಹೊರಗ ಬರ್ತೈತಲ್ಲ, ಹಂಗ.

ಆದರ ಹುಡುಗನ ಅಪ್ಪ ಸುಮ್ಮನ ಇದ್ರು. ಅವರಿಗೆ ಮಾಕ್ ಟೆಸ್ಟ್ ಗೊತ್ತಿಲ್ಲ, ಬ್ರಿಕ್ಸ್ ಗೊತ್ತೈತಿ. ದ್ರಾಕ್ಷಿ ಒಣಗಿಸಿ ಮಣೂಕ ಮಾಡೋ ಮೊದಲ ಸಕ್ಕರಿ ಎಷ್ಟೈತಿ ಅಂತ ಬ್ರಿಕ್ಸ್ ಮೀಟರಿನಾಗ ನೋಡ್ತಾರ. ಒಂದು ಕಾಯಿ ಹಿಂಡಿ ಗಾಜಿನ ಮ್ಯಾಲ ಒಂದು ಹನಿ ಬಿಟ್ಟು, ಬೆಳಕಿಗೆ ಹಿಡದು ಕಣ್ಣು ಹಚ್ಚಿದ್ರ ಒಳಗ ನೀಲಿ ಗೆರಿ ಎಲ್ಲಿಗೆ ನಿಂತೈತಿ ಕಾಣತೈತಿ. ಬಿಸಲಿಗಿರೋ ಗೊನಿ, ಅದರ ಹೆಗಲಿನ ಕಾಯಿ ಹಿಂಡಿದ್ರ ಇಪ್ಪತ್ನಾಲ್ಕು ತೋರಸ್ತೈತಿ. ಎಲಿ ನೆರಳಿನ ಗೊನಿಯ ತುದಿ ಕಾಯಿ ಹಿಂಡಿದ್ರ ಹದಿನೇಳು. ಗಿರಾಕಿ ಬಂದಾಗ ಬಿಸಲಿನ ಕಾಯಿನ ಹಿಂಡಿ ತೋರ್ಸಬಹುದು. ಆದರ ತ್ವಾಟ ಪೂರಾ ಕೊಯ್ದು ಶೆಡ್ಡಿಗೆ ಹಾಕಿದ ಮ್ಯಾಲ ನಾಲ್ಕ ಕಿಲೋಕ್ಕ ಒಂದು ಕಿಲೋ ಮಣೂಕ ಬರೋದು ಐದು ಕಿಲೋಕ್ಕ ಒಂದು ಬರ್ತೈತಿ, ಆಗ ತಕ್ಕಡಿ ಸುಳ್ಳು ಹೇಳೋದಿಲ್ಲ. ಅಪ್ಪ ಮಗನಿಗೆ ಕೇಳಿದ್ದು ಒಂದ ಮಾತು: ‘ಎಲ್ಲಿ ಕಾಯಿ ಹಿಂಡಿದ್ಯೋ ತಮ್ಮಾ?’

ಮಗ ಏನೆಂದ?

ಅಪ್ಪಗ ಇವೆಲ್ಲ ತಿಳಿಯೋದಿಲ್ಲ ಅಂದ.

ಹಾಗಾದರೆ ನಿಮ್ಮನ್ನು ನಿಜವಾಗಿ ಏರಿಸುವುದು ಹೇಗೆ? ನಮ್ಮ ಓದುಗರಲ್ಲಿ ಪರೀಕ್ಷೆ ಬರೆಯುವವರೂ ಇದ್ದಾರೆ.

ನನ್ನ ಏರ್ಸೋದು ಬ್ಯಾಡ್ರಿ, ನನ್ನ ಓದ್ರಿ. ಮೂರು ತಾಸು ಪೇಪರ್ ಬರದು ನನ್ನ ಮಾರಿ ನೋಡಾಕ ಮೂರು ಸೆಕೆಂಡು ಕೊಡ್ತಾರ. ಉಲ್ಟಾ ಆಗಬೇಕು. ಬರದ ಮರುದಿನ ಪೂರಾ ದಿನ ಆ ಪೇಪರಿಗೆ ಕೊಟ್ಟು, ತಪ್ಪಿದ್ದನ್ನ ಹಾಳಿ ಮ್ಯಾಲ ಬೇರೆ ಬೇರೆ ಮಾಡ್ರಿ: ಗೊತ್ತಿಲ್ಲದ್ದು ಯಾವವು, ಗೊತ್ತಿದ್ದು ಕೈ ತಪ್ಪಿದ್ದು ಯಾವವು, ಸರಿ ಬಂದ್ರೂ ಆರು ನಿಮಿಷ ತಿಂದದ್ದು ಯಾವವು. ಮೂರನೇದ್ದನ್ನ ಯಾರೂ ಬರಕೊಳ್ಳೋದಿಲ್ಲ, ಯಾಕಂದ್ರ ಅದರ ಮುಂದ ಹಸಿರು ಟಿಕ್ ಇರತೈತಿ. ನಮ್ಮ ಹುಡುಗನ ಹದಿಮೂರರಾಗ ಒಂಬತ್ತು ಕೈ ತಪ್ಪಿದ್ದು. ಅದಕ್ಕ ಹೊಸ ಪುಸ್ತಕ ಬ್ಯಾಡ, ಹೊಸ ಕೋರ್ಸ್ ಬ್ಯಾಡ, ಪ್ರಶ್ನೆಯ ಕಡೀ ಸಾಲು ಎರಡ ಸಲ ಓದಿದ್ರ ಸಾಕಿತ್ತು.

ಮತ್ತ ಹೊತ್ತು ನೋಡ್ರಿ. ಗೇಟ್ ಮುಂಜಾನೆ ಒಂಬತ್ತೂವರಿಗೆ ಇಲ್ಲಾ ಮಧ್ಯಾಹ್ನ ಎರಡೂವರಿಗೆ. ಇಂವ ಮಾಕ್ ಬರಿಯೋದು ರಾತ್ರಿ ಹನ್ನೊಂದಕ್ಕ, ಹಾಸಿಗಿ ಮ್ಯಾಲ. ಎರಡು ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಮ್ಯಾಲ ಮಜ್ಜಿಗಿ ಹೊಡದು ಮಧ್ಯಾಹ್ನ ಎರಡೂವರಿಗೆ ಕುಂತು ಒಮ್ಮೆ ನೋಡಬೇಕಲ್ಲ ತಲಿ ಎಷ್ಟೊತ್ತು ಎಚ್ಚರ ಇರತೈತಿ ಅಂತ. ಹಿಂದಿನ ವರ್ಷದ ಪೇಪರ್‌ಗಳು ಪುಕ್ಕಟೆ ಸಿಗ್ತಾವ, ಎನ್‌ಪಿಟಿಇಎಲ್ ಆನ್‌ಲೈನ್ ಪಾಠನೂ ಪುಕ್ಕಟೆ. ಅದಕ್ಕ ಯಾರೂ ಮುಟ್ಟೋದಿಲ್ಲ. ಪುಕ್ಕಟೆ ಅಂದ ಮ್ಯಾಲ ಅದರಾಗ ಏನಿರತೈತಿ ಅಂತ.

ಟೆಸ್ಟ್ ಸೀರೀಸ್ ಮಾರುವವರ ಬಗ್ಗೆ ಏನಂತೀರಿ? ‘ನಮ್ಮ ಮಾಕ್‌ನಲ್ಲಿ ಅಖಿಲ ಭಾರತ ರ್‍ಯಾಂಕ್’ ಅಂತ ಕೊಡುತ್ತಾರಲ್ಲ.

ಕೊಡ್ತಾರ್ರಿ. ಅಖಿಲ ಭಾರತ ಅಂದ್ರ ಆ ದಿನ ಆ ಆ್ಯಪಿಗೆ ರೊಕ್ಕ ಕಟ್ಟಿ ಕುಂತವರು. ಮೊದಲ ವಾರ ಭಾಳ ಬಿರುಸು ಪೇಪರ್ ಕೊಟ್ಟು ಹೆದರ್ಸ್ತಾರ, ಕಡೀಕ ಹಗೂರ ಪೇಪರ್ ಕೊಟ್ಟು ‘ನೋಡ್ರಿ, ನಮ್ಮಿಂದ ಏರಿದ್ರಿ’ ಅಂತಾರ. ಬೆಲೆ ಕಟ್ಟಾವ್ರು ಯಾರು ಅಂತ ನೋಡಬೇಕ್ರಿ. ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪು, 55 ಟನ್ನಿನದು, 1549ರಾಗ ಎರಕ ಹೊಯ್ದದ್ದು. ಅದನ್ನ 1854ರಾಗ ಬ್ಯಾಡಾದ ಸಾಮಾನು ಅಂತ ಲಿಲಾವಿಗಿಟ್ರ ಬಂದ ಸವಾಲು 150 ರೂಪಾಯಿ! ಇಷ್ಟಕ್ಕ ಕೊಡೋದ ಬ್ಯಾಡ ಅಂತ ಮಾರಾಟ ರದ್ದು ಮಾಡಿದ್ರು, ಹಂಗಾಗಿ ಇವತ್ತಿಗೂ ಬುರುಜಿನ ಮ್ಯಾಲ ಐತಿ. ಲಿಲಾವಿನವರ ಅಂಕಿ ಹಿಡಕೊಂಡಿದ್ರ ಎಂದೋ ಕರಗಿ ಬಿಂದಿಗಿ ಆಗಿರ್ತಿತ್ತು.

(ಇಲ್ಲಿ ನಮ್ಮದೊಂದು ಮಾತು. ತೋಪಿಗೆ ತನ್ನನ್ನು ಹೋಲಿಸಿಕೊಂಡ ಮೂವತ್ತೊಂದರ ಧೈರ್ಯ ಮೆಚ್ಚಿದೆವು, ಒಪ್ಪಲಿಲ್ಲ.)

ಏನೇ ಆದರೂ ನೀವು ಮೂವತ್ತೊಂದು. ಪಾಸಾದರೂ ಆಗುತ್ತೀರಾ?

ಮರ್ಯಾದಿ ಕೊಟ್ಟು ಮಾತಾಡ್ರಿ ಸರ. ಸಾಮಾನ್ಯ ವರ್ಗದ ಅರ್ಹತಾ ಅಂಕ 25ರ ಕೆಳಗ ಇಳಿಯೋದಿಲ್ಲ. ಎಲ್ಲಾರ ಸರಾಸರಿಗೆ ಸ್ಟ್ಯಾಂಡರ್ಡ್ ಡೀವಿಯೇಶನ್ ಕೂಡ್ಸಿದ್ದು 25 ದಾಟಿದ್ರ ಅದನ್ನ ಹಿಡೀತಾರ. ಸಿವಿಲ್ ಅಂದ್ರ ಮಂದಿ ಭಾಳ, ಎರಡು ಪಾಳಿಯೊಳಗ ಪರೀಕ್ಷಾ, ಆಮ್ಯಾಲ ಎರಡನ್ನೂ ತೂಗಿ ಸರಿ ಮಾಡ್ತಾರ. ಅಲ್ಲಿ ನಾ ಗಡಿ ಮ್ಯಾಲ ನಿಂತಾಂವ, ಒಳಗೂ ಹೌದು ಹೊರಗೂ ಹೌದು. ಐಐಟಿ ಸೀಟು ಕನಸು. ಆದರ 64ರ ಹಂಗ ಸುಳ್ಳು ಅಲ್ಲ. ಆ 6.33 ಉಳಿಸಿ, ಪಂಪಿನ ಎರಡು ತಗೊಂಡಿದ್ರ ನಲವತ್ತು ಆಗ್ತಿದ್ದೆ, ಹೊಸದೊಂದು ಅಕ್ಷರ ಓದದನ. ಇದನ್ನ ಹುಡುಗಗ ಹೇಳಾಕ ಮೂರು ವಾರದಿಂದ ಕಾಯಾಕತ್ತೀನಿ, ಅಂವ ನನ್ನ ಹಾಳಿ ತೆರೆಯಾವಲ್ಲ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ನಿಮ್ಮ ಸಂದೇಶ?

ಸಂದೇಶ ಕೊಡಾಕ ನಾ ಏನು ಟಾಪರ್ ಏನ್ರಿ? ಗಾಂಧಿ ಚೌಕದಾಗ ಫ್ಲೆಕ್ಸ್ ಮ್ಯಾಲ ಕೈ ಮುಗದು ನಿಂತಿರ್ತಾರಲ್ಲ, ಅವರಿಗೆ ಕೇಳ್ರಿ.

ಮುಂದಿನ ಮಾಕ್ ಯಾವಾಗ?

ಐತವಾರ ಮಧ್ಯಾಹ್ನ ಎರಡೂವರಿಗೆ, ಹೊಸ ಪೇಪರು, ಗಡಿಯಾರ ನಿಲ್ಲಸೋದಿಲ್ಲ ಅಂತ ಗೆಳ್ಯಾರ ಮುಂದ ಆಣಿ ಮಾಡ್ಯಾನ. ಆದರ ಈ ವಾರ ತ್ರೀ ಫೇಸ್ ಹಗಲ ಪಾಳಿಗೆ ಬಂದೈತ್ರಿ, ಎರಡಕ್ಕ ಬಿಡ್ತಾರಂತ. ಅವರಪ್ಪ ಈಗಷ್ಟ ಫೋನ್ ಮಾಡಿದ್ರು, ಊರಿಗೆ ಬಾ, ಮೋಟರ್ ಹಚ್ಚಬೇಕು ಅಂತ.