ಹನ್ನೊಂದು ತಿಂಗಳ ಓನರ್

ಬೆಂಗಳೂರಿನ ಮನೆ ಓನರ್ ಸಾಮಾನ್ಯವಾಗಿ ಮೂವತ್ತು-ನಲವತ್ತರ ಸೈಟಿನಲ್ಲಿ ಕಂಡುಬರುತ್ತಾನೆ. ಕೆಳಗೆ ತಾನಿದ್ದು ಮೇಲಿನದನ್ನೆಲ್ಲ ಬಾಡಿಗೆಗೆ ಕೊಡುವುದು ಈತನ ಲಕ್ಷಣ. ಪ್ಲಾನ್ ಮಂಜೂರಾದದ್ದು ಎರಡು ಮಹಡಿಗೆ, ಕಟ್ಟಿದ್ದು ನಾಲ್ಕು. ಆ ವಿಷಯದಲ್ಲಿ ಮಾತ್ರ ಈತ ಕಾನೂನಿನ ಮಾತು ಎತ್ತುವುದಿಲ್ಲ.

ಉಳಿದೆಡೆ ಕಾನೂನೆಂದರೆ ಈತನಿಗೆ ಬಲು ಪ್ರೀತಿ. “ಹನ್ನೊಂದು ತಿಂಗಳಿಗೇ ಅಗ್ರಿಮೆಂಟು, ಸ್ವಾಮಿ. ಹನ್ನೆರಡಾದರೆ ಮನೆ ನಿಮ್ಮದೇ ಆಗಿಬಿಡುತ್ತೆ” ಎಂದು ಗಂಭೀರವಾಗಿ ವಿವರಿಸುತ್ತಾನೆ. ನಿಜ ಸಂಗತಿ ಇಷ್ಟೇ: ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು, ಸಬ್ ರಿಜಿಸ್ಟ್ರಾರ್ ಕಚೇರಿಯ ಅಲೆದಾಟ ಎರಡೂ ತಪ್ಪಲೆಂದು ಹುಟ್ಟಿದ್ದು ಈ ಹನ್ನೊಂದು. ಒಪ್ಪಿಗೆಯಿಲ್ಲದೆ ಹನ್ನೆರಡು ವರ್ಷ ಜಾಗ ಹಿಡಿದುಕೊಂಡವನಿಗೆ ಹಕ್ಕು ಕೊಡುವ ಪ್ರತಿಕೂಲ ಸ್ವಾಧೀನ ಬೇರೆಯೇ ವಿಷಯ. ಮಾಲೀಕನ ಒಪ್ಪಿಗೆಯಿಂದ ಬಾಡಿಗೆ ಕೊಟ್ಟುಕೊಂಡಿರುವವನಿಗೆ ಅದು ದಕ್ಕುವುದಿಲ್ಲ. ಓನರ್ ತಲೆಯಲ್ಲಿ ಆ ವರ್ಷ, ಈ ತಿಂಗಳು ಕಲಸಿಹೋಗಿವೆ.

ಈ ಭಯಕ್ಕೆ ಒಂದು ಚರಿತ್ರೆಯೂ ಇದೆ. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಯಾದಾಗ, ನಮೂನೆ 7 ಸಲ್ಲಿಸಿದ ಗೇಣಿದಾರರು ಹೊಲದೊಡೆಯರಾದರು. ಊರಲ್ಲಿ ತಾತನ ಗದ್ದೆ ಹಾಗೆ ಹೋದದ್ದನ್ನು ಕೇಳಿ ಬೆಳೆದ ಮೊಮ್ಮಗ ಈಗ ಸಾಫ್ಟ್‌ವೇರ್ ಹುಡುಗನ ಕೈಯಲ್ಲಿ ಯಾವ ಕಾಗದ ಕಂಡರೂ ನಮೂನೆ 7 ಎಂದೇ ಬೆದರುತ್ತಾನೆ. ಆ ಕಾಯ್ದೆ ಕೃಷಿ ಭೂಮಿಯದು, ಎರಡು ಬೆಡ್‌ರೂಮಿನದಲ್ಲ ಎಂದರೆ ಕೇಳುವವನಲ್ಲ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ಒಂದಿದೆ. ಆದರೆ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದರೆ ಬೆಂಗಳೂರಿನಲ್ಲಿ ಅದು ಅನ್ವಯಿಸದು. ಆ ದುಡ್ಡಿಗೆ ಇಂದು ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ಹೆಚ್ಚಿನ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಕರಾರು ಬೇರೆ ಹೇಳದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಲಿಕ್ಕೂ ಬಿಡಿಸಲಿಕ್ಕೂ 15 ದಿನದ ನೋಟಿಸ್ ಸಾಕು. ಓನರ್ ಕರಾರಿನಲ್ಲಿ ಬಾಡಿಗೆದಾರ ಎರಡು ತಿಂಗಳು ಮುಂಚೆ ತಿಳಿಸಬೇಕು, ಓನರ್ ಹೇಳಿದ ದಿನವೇ ಸಾಮಾನು ಎತ್ತಬೇಕು. ಅಡ್ವಾನ್ಸ್ ಹತ್ತು ತಿಂಗಳದ್ದು. ವಾಸದ ಮನೆಗೆ ಎರಡು ತಿಂಗಳ ಮಿತಿ ಹಾಕಿದ 2021ರ ಮಾದರಿ ಬಾಡಿಗೆ ಕಾಯ್ದೆಯನ್ನು ತೋರಿಸಿದರೆ, “ಮಾದರಿ ತಾನೇ?” ಎನ್ನುತ್ತಾನೆ. ರಾಜ್ಯ ತನ್ನ ಕಾನೂನು ಮಾಡಿಕೊಳ್ಳದೆ ಅದು ಬಂಧಿಸದು ಎಂಬ ಮಟ್ಟಿಗೆ ಅವನ ಮಾತು ಸರಿಯೇ.

ಗೃಹಪ್ರವೇಶದ ದಿನದಿಂದ ಈತನ ಕಿವಿ ಗೋಡೆಯಲ್ಲಿರುತ್ತದೆ. ಕ್ಯಾಲೆಂಡರ್ ತೂಗುಹಾಕಲು ಸುತ್ತಿಗೆಯ ಒಂದು ಏಟು ಬಿದ್ದರೆ ಸಾಕು, ಎರಡನೇ ಏಟಿಗೆ ಮೊದಲು ಬಾಗಿಲಲ್ಲಿ ಓನರ್. “ಮೊಳೆ ಹೊಡೀಬೇಡಿ ಅಂದಿದ್ನಲ್ಲ!” ಸಿಟ್ಟು ಬಂದರೆ ಸಂಪಿನ ಮೋಟಾರು ಕೆಡುತ್ತದೆ, ಬಾಡಿಗೆ ಏರಿಸಲು ಒಪ್ಪಿದರೆ ರಿಪೇರಿಯಾಗುತ್ತದೆ. ಬೀಗ ಬದಲಾಯಿಸುವ ತನಕ ಹೋದರೆ ಮಾತ್ರ ಕಷ್ಟ: ಬಲವಂತವಾಗಿ ಹೊರಬಿದ್ದವನು ಆರು ತಿಂಗಳೊಳಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ತೆರಿಗೆ ವಿನಾಯಿತಿಗೆಂದು ಪಾನ್ ನಂಬರ್ ಕೇಳಿದವನನ್ನು ಈತ ಹೆಣ್ಣು ಕೇಳಲು ಬಂದವನಂತೆ ಅಡಿಯಿಂದ ಮುಡಿವರೆಗೆ ನೋಡುತ್ತಾನೆ.

ಮನೆ ಬಿಡುವ ದಿನ ಬಣ್ಣದ ಲೆಕ್ಕ ಬರುತ್ತದೆ. ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಿಂದ ಖೋತಾ. ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುತ್ತದೆ, ನಿಜ. ಆದರೆ ಅದೂ ಕರಾರು ಬೇರೆ ಹೇಳದಿದ್ದಾಗ. ಬೇರೆ ಹೇಳುವ ಸಾಲು ಕರಾರಿನ ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿದೆ, ಅದರ ಕೆಳಗೆ ಬಾಡಿಗೆದಾರನ ಸಹಿಯೂ ಇದೆ.