ಕೊಹೀರ್ ಬೆಂಚು ಹೇಳಿದ್ದು

ಕಾಲೇಜು ಹುಡುಕುವ ಕಾಲ. ತೆಲಂಗಾಣದ ಕೊಹೀರ್ ಡೆಕ್ಕನ್ ಸ್ಟೇಷನ್ನಿನಲ್ಲಿ ಬೀದರ್ ಗಾಡಿ ತಡ. ನನ್ನ ಚೀಲದಲ್ಲಿ ಆರು ಕಾಲೇಜುಗಳ ಪ್ರಾಸ್ಪೆಕ್ಟಸ್. ಆರರ ಮುಖಪುಟದಲ್ಲೂ ನಾಲ್ಕು ಬಗೆಯ ಮುಖಗಳು ಒಂದೇ ಲ್ಯಾಪ್‌ಟಾಪ್ ನೋಡಿ ನಗುತ್ತಿದ್ದವು. ಮಾತಾಡಲು ಬೇರೆ ಯಾರೂ ಸಿಗದೆ, ಕೂತಿದ್ದ ಸಿಮೆಂಟು ಬೆಂಚನ್ನೇ ಮಾತಾಡಿಸಿದೆ.

ನಾನು: ಕಾಲೇಜು ಆರಿಸುವಾಗ ವಿದ್ಯಾರ್ಥಿಗಳ ವೈವಿಧ್ಯ ನೋಡಬೇಕು ಅನ್ನುತ್ತಾರೆ. ತಾವೇನಂತೀರಿ?

ಬೆಂಚು: ಮೊದಲ ಸ್ವಲ್ಪ ಸರೀರಿ, ಹಣ್ಣಿನ ಬುಟ್ಟಿ ಬಂತು. ನೋಡಿದ್ರಿಲ್ಲೋ? ಮಾರಾಕಿ ‘ಜಾಮಕಾಯಿ’ ಅಂದಳು, ಟೋಪಿ ಚಾಚಾ ‘ಜಾಮ್’ ಅಂದ, ಉದಗೀರಕ್ಕ ಹೊಂಟ ಬಾಯಿ ‘ಪೇರೂ’ ಅಂದಳು, ನೀವು ‘ಪೇರಲ’ ಅಂದ್ರಿ. ಹೋಳು ಮಾಡಿಸಿ, ಖಾರ-ಉಪ್ಪು ಹಚ್ಚಿಸಿಕೊಂಡು ಎಲ್ಲಾರೂ ತಿಂದಿದ್ದು ಒಂದೇ ಕೊಹೀರ್ ಹಣ್ಣು. ಇದಕ್ಕ ಯಾರೂ ಮಾರ್ಕ್ಸ್ ಕೊಟ್ಟಿಲ್ಲ.

ನಾನು: ಕಾಲೇಜಿಗೆ ಕೊಡುತ್ತಾರಾ?

ಬೆಂಚು: ಕೊಡ್ತಾರ. 2016ರಿಂದ ಕಾಲೇಜುಗಳಿಗಿ ರ‍್ಯಾಂಕ್ ಕೊಡೋ ಕೇಂದ್ರದವರ ಎನ್‌ಐಆರ್‌ಎಫ್ ಪಟ್ಟಿ ಬರ್ತದ. ಹೊರರಾಜ್ಯದವರು, ಹೊರದೇಶದವರು ಎಷ್ಟು ಮಂದಿ ಅಂತ ಎಣಿಸಿ ಅದಕ್ಕೂ ಅಂಕ ಹಾಕ್ತಾರ. ಈಗ ಕೇಳ್ರಿ. ನಮ್ಮ ಕೊಹೀರ್ ಪೋರ ಬೀದರ್ ಕಾಲೇಜಿಗಿ ಹೋದ್ರ ಅವ ವೈವಿಧ್ಯ. ಮುಂಜಾನಿ ರೊಟ್ಟಿ ಕಟಗೊಂಡು ಹೋಗಿ ಸಂಜಿಗಿ ಮನಿಗಿ ಬರೋ ವೈವಿಧ್ಯ! ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರು ಪೋರ ಅದೇ ಕ್ಲಾಸಿಗಿ ಬಂದು, ಬೀದರ್ ಕನ್ನಡ ತಿಳೀದೆ ಪಿಳಿಪಿಳಿ ನೋಡಿದ್ರೂ ಅವ ಎಣಿಕ್ಯಾಗಿಲ್ಲ.

ನಾನು: ಪಾಪ.

ಬೆಂಚು: ಸೀಟು ಹಂಚೋವಾಗ ಮತ್ತ ಉಲ್ಟಾ. ಸಂವಿಧಾನದ 371(ಜೆ) ಪ್ರಕಾರ ಬೀದರ್ ಇರೋ ಕಲ್ಯಾಣ ಕರ್ನಾಟಕದ ಕಾಲೇಜುಗಳ ಸರ್ಕಾರಿ ಸೀಟಿನಾಗ ಶೇ. 70 ಆ ಭಾಗದವರಿಗಿ. ಅದು ಸಿಗಬೇಕಾದದ್ದೇ, ನನ್ನ ತಕರಾರಿಲ್ಲ. ಆದ್ರ ಅಲ್ಲಿ ಬೆಂಗಳೂರಾವನೂ ಹೊರಗಿನವ, ಕೊಹೀರಾವನೂ ಹೊರಗಿನವ.

ನಾನು: ಕೊಹೀರಿನ ಹುಡುಗ ಯಾವ ತಪ್ಪು ಮಾಡಿದ?

ಬೆಂಚು: ತಡಾ ಮಾಡಿ ಹುಟ್ಟಿದ. ನಮ್ಮ ಕಡಿ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲಾದಾಗಿದ್ದವು, ತಾಂಡೂರು ಗುಲ್ಬರ್ಗಾದಾಗಿತ್ತು. 1956ರ ನವೆಂಬರ್ 1ಕ್ಕ ರಾಜ್ಯಗಳ ಗೆರಿ ಎಳದ್ರು. ಮಂದಿ ಕುಂತಲ್ಲೇ ಕುಂತು ಹೊರರಾಜ್ಯದವರಾದ್ರು. ಮನ್ಯಾಗ ಕನ್ನಡ, ಸಾಲ್ಯಾಗ ತೆಲುಗು, ಬಜಾರದಾಗ ಉರ್ದು. ಫಾರ್ಮಿನಾಗ ‘ಮಾತೃಭಾಷೆ’ ಅಂತ ಒಂದೇ ಖಾನಿ. ಹೊರನಾಡ ಕನ್ನಡಿಗ ಅಂತ ಕರ್ನಾಟಕದಾಗ ಸೀಟು ಕೇಳಿದ್ರ ಕನ್ನಡ ಪರೀಕ್ಷಾ ಬರೀಬೇಕು. ಒಳನಾಡಿನವರಿಗಿ ಆ ಪರೀಕ್ಷಾ ಇಲ್ಲ. ಒಂದು ಸಲ ಅವರಿಗೂ ಇಟ್ಟು ನೋಡಬೇಕಂತ ನನಗ ಭಾಳ ಆಸಿ ಅದ.

ನಾನು: (ಬೆಂಗಳೂರಿನ ಕಡೆಯವನಾದ್ದರಿಂದ ಮಾತು ತಿರುಗಿಸುತ್ತ) ಹಾಗಾದರೆ ನಿಜವಾದ ವೈವಿಧ್ಯ ಎಲ್ಲೂ ಇಲ್ಲವೇ?

ಬೆಂಚು: ಯಾಕಿಲ್ಲ? ನಮ್ಮ ಸಂಗಾರೆಡ್ಡಿ ಜಿಲ್ಲಾದಾಗೇ, ಕಂದಿಯೊಳಗ ಐಐಟಿ ಅದ; ದೇಶದ ಎಲ್ಲಾ ದಿಕ್ಕಿಲಿಂದ ಬರ್ತಾರ. ಹಂಗಿದ್ರೂ ಐಐಟಿಗಳಾಗ ಹುಡುಗಿಯರು ಕಮ್ಮಿ ಅಂತ ಕಂಡಿತು. 2018ರಿಂದ ಅವರ ಸಲುವಾಗಿ ಹೆಚ್ಚಿನ ಸೀಟು ಮಾಡಿದ್ರು. ಮುಖಪುಟಕ್ಕ ಇನ್ನೊಬ್ಬ ಹುಡುಗೀನ ನಿಂದ್ರಿಸಿ ಕೈ ತೊಳಕೊಳ್ಳಲಿಲ್ಲ.

ನಾನು: ತಂದೆತಾಯಿಗಳಿಗೆ ತಮ್ಮ ಸಲಹೆ?

ಬೆಂಚು: ಆಫೀಸಿನಾಗ ಕುಂತವರನ್ನ ಕೇಳಬ್ಯಾಡ್ರಿ, ಅವರು ಇದೇ ಪುಸ್ತಕ ಓದಿ ಹೇಳ್ತಾರ. ಮಧ್ಯಾಹ್ನ ಊಟದ ಹೊತ್ತಿಗಿ ಹಾಸ್ಟೆಲ್ ಮೆಸ್ಸಿಗಿ ಹೋಗ್ರಿ. ಒಂದೊಂದು ಟೇಬಲ್ಲಿಗಿ ಒಂದೊಂದೇ ಜಾತಿ, ಒಂದೊಂದೇ ಊರು ಕುಂತಿದ್ರ ಹಂಗೇ ತಿರುಗಿ ಬರ್ರಿ. ನನ್ನ ಮ್ಯಾಲ ಜಾಗಾ ಸಾಲದಕ್ಕಾದ್ರೂ ಒಬ್ಬರಿಗೊಬ್ಬರು ಒತ್ತಿ ಕೂಡ್ತಾರ... ಏಳ್ರಿ, ಗಾಡಿ ಬಂತು. ಆ ಆರು ಪುಸ್ತಕ ಇಲ್ಲಿ ಬಿಡಬ್ಯಾಡ್ರಿ. ಕಾಗದ ಭಾಳ ನುಣುಪು, ಜಾಮಕಾಯಿ ಕಟ್ಟಿದ್ರ ಉಪ್ಪು ನಿಲ್ಲಂಗಿಲ್ಲ.